ಹುಳುಮನೆಯ ಮಳೆ ಸದ್ದು: ಸಸ್ಪೆನ್ಸ್ ಕಾದಂಬರಿ ಬರೆಯುವವರಿಗೆ ಸಂಗೀತದಿಂದ ಸಿಗುವ ಪಾಠ

ಶಿಡ್ಲಘಟ್ಟದ ಹತ್ತಿರ ನಮ್ಮ ಸೋದರತ್ತೆಯ ಊರು. ರಜೆಗೆ ಅಲ್ಲಿಗೆ ಹೋದಾಗಲೆಲ್ಲ ನನಗೆ ಮಲಗಲು ಜಾಗ ಸಿಗುತ್ತಿದ್ದದ್ದು ಹುಳುಮನೆಯ ಗೋಡೆ ಪಕ್ಕದಲ್ಲಿ. ನಾಲ್ಕನೇ ಜ್ವರದಿಂದ (ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ) ಎದ್ದ ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸಾವಿರಾರು ಬಾಯಿ ಒಟ್ಟಿಗೆ ಹಿಪ್ಪುನೇರಳೆ ಎಲೆ ಕತ್ತರಿಸುತ್ತಿದ್ದರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೇ ಕೇಳುತ್ತದೆ. ಆ ಮಳೆ ಕೇಳುತ್ತ ನಿದ್ದೆ ಹತ್ತುತ್ತಿತ್ತು.

ಒಂದು ರಾತ್ರಿ ಇದ್ದಕ್ಕಿದ್ದಂತೆ ಎಚ್ಚರವಾಯಿತು. ಯಾರೂ ಕರೆದಿರಲಿಲ್ಲ. ನಾಯಿ ಬೊಗಳಿರಲಿಲ್ಲ. ಆದರೂ ಎದೆ ಹೊಡೆದುಕೊಳ್ಳುತ್ತಿತ್ತು. ನೋಡಿದರೆ ಅತ್ತೆಯೂ ಎದ್ದು ಕೂತಿದ್ದರು.

"ಏನಾಯ್ತು ಅತ್ತೆ?"

"ಏನಿಲ್ಲ, ಸೊಪ್ಪು ಮುಗೀತು. ನೀನು ಮಲಕ್ಕೋ."

ಮಳೆ ನಿಂತಿತ್ತು, ಅಷ್ಟೇ ಆಗಿದ್ದು. ಸದ್ದು ನಿಂತರೂ ಮನುಷ್ಯ ಬೆಚ್ಚಿ ಏಳುತ್ತಾನೆ ಅಂತ ನನಗೆ ಗೊತ್ತಾದದ್ದು ಆ ರಾತ್ರಿ.

ಈಗ ನಾನು ಸಸ್ಪೆನ್ಸ್ ಕಾದಂಬರಿ ಬರೆಯುತ್ತೇನೆ. ಹೊಸದಾಗಿ ಬರೆಯಲು ಹೊರಟವರು ಸಿಕ್ಕಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬರೆಯುವಾಗ ಯಾವ ಮ್ಯೂಸಿಕ್ ಹಾಕ್ಕೊಳ್ತೀರಿ?" ಮೂಡ್ ಬರಲಿ ಅಂತ ಹಾಡು ಹಾಕಿಕೊಳ್ಳುವುದು ತಪ್ಪಲ್ಲ. ಆದರೆ ಸಂಗೀತದಿಂದ ನಮಗೆ ಸಿಗುವ ದೊಡ್ಡ ಲಾಭ ಮೂಡ್ ಅಲ್ಲ. ಎಷ್ಟು ಹೊತ್ತು ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು, ಇದನ್ನು ಸಂಗೀತದಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ. ನಾನು ಅದನ್ನು ಹೇಗೆ ಕಲಿತೆ, ಈಗ ಹೇಗೆ ಬಳಸುತ್ತೇನೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ನೋಟ್‌ಬುಕ್ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಬರೆಯುವ ಹೊತ್ತಲ್ಲಿ ಮಾತಿರುವ ಹಾಡು ಬೇಡ

ಹಾಡು ಕೇಳುವ ಹೊತ್ತು ಬೇರೆ, ಬರೆಯುವ ಹೊತ್ತು ಬೇರೆ ಮಾಡಿಕೊಳ್ಳಿ. ಕಿವಿಗೆ ಮಾತು ಬೀಳುತ್ತಿದ್ದರೆ ತಲೆಯಲ್ಲಿ ಮಾತು ಕಟ್ಟುವುದು ಕಷ್ಟ. ನಾವು ಗಮನ ಕೊಡದಿದ್ದರೂ ಹಿನ್ನೆಲೆಯ ಮಾತು ನೆನಪಿನ ಕೆಲಸಕ್ಕೆ ಅಡ್ಡ ಬರುತ್ತದೆ ಅಂತ ಮನಶ್ಶಾಸ್ತ್ರದವರು 1970ರ ದಶಕದಿಂದಲೂ ಪ್ರಯೋಗ ಮಾಡಿ ತೋರಿಸಿದ್ದಾರೆ. ಬರೀ ವಾದ್ಯದ ಸಂಗೀತಕ್ಕಿಂತ ಸಾಹಿತ್ಯ ಇರುವ ಹಾಡಿನ ಕಾಟ ಜಾಸ್ತಿ.

ಇದು ನನಗೆ ಪೆಟ್ಟು ತಿಂದು ಗೊತ್ತಾಯಿತು. ನನ್ನ ಮೊದಲ ಧಾರಾವಾಹಿಯ ಒಂದು ಅಧ್ಯಾಯವನ್ನು ಹಳೇ ಸಿನಿಮಾ ಹಾಡು ಕೇಳುತ್ತ ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಬಹಳ ಚೆನ್ನಾಗಿ ಬಂದಿದೆ ಅಂದುಕೊಂಡಿದ್ದೆ. ಪತ್ರಿಕೆಯವರು ವಾಪಸ್ ಕಳಿಸಿದ ಪ್ರತಿಯಲ್ಲಿ ಆರು ಕಡೆ ಕೆಂಪು ಗೆರೆ. ಆರೂ ಕಡೆ ನನಗೇ ಗೊತ್ತಿಲ್ಲದೆ ಹಾಡಿನ ಪದಗಳು ಬಂದು ಕೂತಿದ್ದವು. ಕತ್ತಲ ಮೆಟ್ಟಿಲಲ್ಲಿ ಉಸಿರು ಬಿಗಿಹಿಡಿದು ನಿಂತ ಹುಡುಗಿ ಬೆಳದಿಂಗಳು, ಮಲ್ಲಿಗೆ ಅಂತ ಯೋಚನೆ ಮಾಡುತ್ತಿದ್ದಳು.

ಬೇರೆ ಭಾಷೆಯ ಹಾಡು ಹಾಕಿಕೊಳ್ಳಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಸರಿ, ಆದರೆ ನಿಜವಾಗಿಯೂ ನಿಮಗೆ ಅರ್ಥವಾಗದ ಭಾಷೆ ಆಗಿರಬೇಕು. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ ತೆಲುಗು ಬೇರೆ ಭಾಷೆ ಅಲ್ಲವೇ ಅಲ್ಲ. ಕನ್ನಡದಷ್ಟೇ ಸಲೀಸಾಗಿ ತಲೆಗೆ ಹೋಗುತ್ತದೆ. ನಾನು ವೀಣೆ, ಕೊಳಲು ಹಾಕಿಕೊಳ್ಳುತ್ತೇನೆ. ಅದೂ ಕೃತಿ ಗೊತ್ತಿದ್ದರೆ ಬೇಡ, ಮನಸ್ಸು ತಾನಾಗಿ ಸಾಹಿತ್ಯ ಹಾಡಿಕೊಳ್ಳಲು ಶುರುಮಾಡುತ್ತದೆ.

ಹೀಗೆ ಹೇಳಿದ ಮಾತ್ರಕ್ಕೆ ಇದು ಎಲ್ಲರಿಗೂ ಒಗ್ಗುವ ನಿಯಮ ಅಂತಲ್ಲ. ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ಜೋರಾದ ರಾಕ್ ಸಂಗೀತ ಹಾಕಿಕೊಂಡೇ ಬರೆಯುತ್ತೇನೆ ಅಂತ ಹೇಳಿಕೊಂಡಿದ್ದಾರೆ. ಅವರಿಗೆ ಆ ಸದ್ದು ಹೊರಗಿನ ಜಗತ್ತನ್ನು ಆಚೆ ಇಡುವ ಬಾಗಿಲು. ಮನೆ ತುಂಬ ಜನ, ಪಕ್ಕದಲ್ಲಿ ಟಿವಿ ಇರುವವರಿಗೆ ಅಂಥ ಬಾಗಿಲು ಬೇಕಾಗಬಹುದು. ಒಂದು ವಾರ ಹಾಡಿನ ಜೊತೆ, ಒಂದು ವಾರ ಹಾಡಿಲ್ಲದೆ ಬರೆಯಿರಿ. ತಿಂಗಳು ಬಿಟ್ಟು ಎರಡನ್ನೂ ಓದಿ ನೋಡಿ.

ಎರಡನೇ ಹೆಜ್ಜೆ: ಕತೆಗೆ ಒಂದು ಶ್ರುತಿ ಇಡಿ

ಸಂಗೀತ ಕಛೇರಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ತಂಬೂರಿ. ಪ-ಸ-ಸ-ಸ, ಮತ್ತೆ ಪ-ಸ-ಸ-ಸ. ಐದು ನಿಮಿಷ ಆದ ಮೇಲೆ ಅದು ನಡೆಯುತ್ತಿದೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಹಾಡುವವರ ಒಂದು ಸ್ವರ ಕೂದಲೆಳೆಯಷ್ಟು ಜಾರಿದರೂ ತಟ್ಟನೆ ಗೊತ್ತಾಗುವುದು ಆ ತಂಬೂರಿಯಿಂದಲೇ.

ಕಾದಂಬರಿಗೂ ಅಂಥ ಒಂದು ನಿರಂತರ ಸದ್ದು ಬೇಕು. ಕತೆ ನಡೆಯುವ ಜಾಗದಲ್ಲಿ ಸದಾ ಇರುವ, ಪಾತ್ರಗಳು ಗಮನಿಸುವುದನ್ನೇ ಬಿಟ್ಟಿರುವ ಸದ್ದು. ನಮ್ಮ ಬಯಲುಸೀಮೆಯ ತೋಟಗಳಲ್ಲಿ ಅದು ಟ್ರಾನ್ಸ್‌ಫಾರ್ಮರ್. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಸುತ್ತುತ್ತದೆ. ಒಂದೊಂದು ಸುತ್ತಿಗೆ ಒಳಗಿನ ಕಬ್ಬಿಣದ ತಗಡುಗಳು ಎರಡೆರಡು ಸಲ ನಡುಗುತ್ತವೆ. ಹಾಗಾಗಿ ಸೆಕೆಂಡಿಗೆ 100 ಕಂಪನದ ಗುಂಯ್ ಸದ್ದು ಹೊರಗೆ ಬರುತ್ತದೆ. ರಾತ್ರಿಯೆಲ್ಲ ಒಂದೇ ಶ್ರುತಿ.

ಇದನ್ನು ಹೇಗೆ ಬಳಸುವುದು ಅಂತ ಒಂದು ತುಣುಕಿನಲ್ಲಿ ತೋರಿಸುತ್ತೇನೆ. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಮೊದಲು ಹೀಗಿತ್ತು:

"ರಾತ್ರಿ ಒಂದು ಗಂಟೆ. ತೋಟದಲ್ಲಿ ಭಯಂಕರ ಕತ್ತಲು. ಗಂಗಪ್ಪನ ಎದೆ ಡವಡವ ಅನ್ನುತ್ತಿತ್ತು. ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು."

ಎಲ್ಲ ನಾನೇ ಹೇಳಿಬಿಟ್ಟಿದ್ದೇನೆ, ಓದುವವರಿಗೆ ಏನೂ ಉಳಿಸಿಲ್ಲ. ತಿದ್ದಿದ ಮೇಲೆ ಹೀಗಾಯಿತು:

"ಒಂದು ಗಂಟೆಗೆ ತ್ರೀ ಫೇಸ್ ಬಂತು. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನತೊಡಗಿತು. ಗಂಗಪ್ಪ ಟಾರ್ಚು ಹಿಡಿದು ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಒತ್ತಿದ. ಪೈಪಿನಲ್ಲಿ ಗಾಳಿ ಬುಸ್ ಅಂದು, ಆಮೇಲೆ ನೀರು ಬಂತು. ಮುಖ ತೊಳೆದುಕೊಂಡ. ತೊಟ್ಟಿಯ ಕಟ್ಟೆ ಮೇಲೆ ಕೂತು ಬೀಡಿ ಹಚ್ಚಿದ. ಅರ್ಧ ಬೀಡಿ ಆಗುವಷ್ಟರಲ್ಲಿ ನೀರು ಸಣ್ಣಗಾಗಿ ನಿಂತೇಹೋಯಿತು. ಹಾಳು ಕರೆಂಟು, ಇಷ್ಟು ಬೇಗ ಹೋಯ್ತಲ್ಲ ಅಂದುಕೊಂಡ. ಟ್ರಾನ್ಸ್‌ಫಾರ್ಮರ್ ಇನ್ನೂ ಗುಂಯ್ ಅನ್ನುತ್ತಲೇ ಇತ್ತು."

ಕೊನೆಯ ವಾಕ್ಯದಲ್ಲಿ ಭಯ ಅನ್ನುವ ಪದವೇ ಇಲ್ಲ. ಕರೆಂಟು ಹೋಗಿಲ್ಲ, ಹಾಗಾದರೆ ಮೋಟರು ಯಾಕೆ ನಿಂತಿತು? ಸ್ಟಾರ್ಟರ್ ಹತ್ತಿರ ಯಾರಿದ್ದಾರೆ? ಗಂಗಪ್ಪನಿಗಿಂತ ಒಂದು ಕ್ಷಣ ಮೊದಲೇ ಓದುವವರಿಗೆ ಹೊಳೆಯುತ್ತದೆ. ಶುರುವಿನಲ್ಲೇ ಶ್ರುತಿ ಇಟ್ಟಿದ್ದರಿಂದ ಇದು ಸಾಧ್ಯವಾಯಿತು.

ನಿಮ್ಮ ಕತೆಯ ಶ್ರುತಿ ಯಾವುದು ಅಂತ ಬರೆಯುವ ಮೊದಲೇ ಗೊತ್ತುಮಾಡಿಕೊಳ್ಳಿ. ಫ್ಯಾನ್ ಇರಬಹುದು, ನೂಲು ಬಿಚ್ಚಾಣಿಕೆ ಯಂತ್ರ ಇರಬಹುದು, ಹೈವೇ ಲಾರಿಗಳಿರಬಹುದು. ಒಂದೇ ಸಾಕು. ಮೊದಲ ಮೂರು ಅಧ್ಯಾಯದಲ್ಲಿ ಸುಮ್ನೆ ಒಂದೊಂದು ಸಲ ಬಂದು ಹೋಗಲಿ.

ಮೂರನೇ ಹೆಜ್ಜೆ: ಕೈಯಲ್ಲಿ ತಾಳ ಹಾಕುತ್ತ ನಿಮ್ಮ ಪುಟ ಓದಿ

ಆದಿತಾಳ ಎಲ್ಲರಿಗೂ ಬರುತ್ತದೆ. ಒಂದು ಏಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಆಮೇಲೆ ಏಟು, ತಿರುವು, ಏಟು, ತಿರುವು. ಒಟ್ಟು 8. ಸಂಗೀತ ಕಲಿಯದವರು ತೊಡೆ ಮೇಲೆ ತಟ್ಟಿಕೊಂಡರೂ ಆಯಿತು. ಈಗ ನೀವು ಬರೆದ ಪುಟವನ್ನು ಗಟ್ಟಿಯಾಗಿ ಓದುತ್ತ ತಾಳ ಹಾಕಿ.

ವಾಕ್ಯಗಳೆಲ್ಲ ಒಂದೇ ಜಾಗದಲ್ಲಿ ಬಂದು ಬೀಳುತ್ತಿದ್ದರೆ ಅಪಾಯ. "ಬಾಗಿಲು ತೆಗೆದ. ಲೈಟು ಹಾಕಿದ. ಒಳಗೆ ನೋಡಿದ. ಯಾರೂ ಇರಲಿಲ್ಲ." ಚಿಕ್ಕ ಚಿಕ್ಕ ವಾಕ್ಯ ಬರೆದರೆ ಟೆನ್ಷನ್ ಬರುತ್ತದೆ ಅಂತ ಒಂದು ನಂಬಿಕೆ ಇದೆ. ಇಲ್ಲಿ ಬಂತಾ? ಮಗುವನ್ನು ತಟ್ಟಿ ಮಲಗಿಸಿದ ಹಾಗಿದೆ. ಅದೇ ಸಂಗತಿ ಹೀಗಿದ್ದರೆ:

"ಬಾಗಿಲು ತಳ್ಳಿದ. ಲೈಟು ಹಾಕಿ, ಚಪ್ಪಲಿ ಬಿಟ್ಟು, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದ ಮೇಲೆ ಹೊಳೆಯಿತು. ಬೀಗ ತೆಗೆದೇ ಇರಲಿಲ್ಲ."

ಚಿಕ್ಕದು, ಉದ್ದ, ಚಿಕ್ಕದು. ನಡುವಿನ ಉದ್ದ ವಾಕ್ಯ ಓದುವವರನ್ನು ಆರಾಮವಾಗಿ ಮನೆಯೊಳಗೆ ಕರೆದುಕೊಂಡು ಹೋಗಿ ನೀರು ಕುಡಿಸುತ್ತದೆ. ಆಮೇಲೆ ಏಟು ಬೀಳುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಸಸ್ಪೆನ್ಸ್‌ಗೆ ಕನ್ನಡದಷ್ಟು ಒಳ್ಳೇ ಭಾಷೆ ನಮಗೆ ಸಿಕ್ಕಿರುವುದು ಭಾಗ್ಯ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವಾಗ, ಯಾರ ಜೊತೆ, ಎಲ್ಲ ಹೇಳಿ ಮುಗಿಸಿದರೂ ಏನಾಯಿತು ಅನ್ನುವುದು ಕೊನೆಯ ಪದದ ತನಕ ಗೊತ್ತಾಗುವುದಿಲ್ಲ. ಇಲ್ಲ ಅನ್ನುವುದೂ ಕೊನೆಗೇ ಬರುತ್ತದೆ. "ಆ ರಾತ್ರಿ ಹತ್ತೂವರೆ ಬಸ್ಸಿಗೆ ಚಿಂತಾಮಣಿಯಿಂದ ಹೊರಟ ನಿಮ್ಮ ಮಗ ಕೈವಾರದ ಕ್ರಾಸಿನಲ್ಲಿ ಇಳಿದಿದ್ದನ್ನು ನಾನು ನೋಡಲಿಲ್ಲ." ಈ ವಾಕ್ಯದ ಕೊನೆಯ ಎರಡು ಅಕ್ಷರಕ್ಕಾಗಿ ಒಬ್ಬ ತಾಯಿ ಕಾಯುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ತಾಳದಲ್ಲಿ ಸಮ, ಅಂದರೆ ಸುತ್ತಿನ ಮೊದಲ ಏಟು, ಬೀಳುವುದು ಎಲ್ಲೋ, ವಾಕ್ಯದಲ್ಲಿ ಕ್ರಿಯಾಪದ ಬೀಳುವುದು ಅಲ್ಲೇ. ಅಲ್ಲಿಗೆ ಹೋಗುವ ದಾರಿಯನ್ನು ಎಷ್ಟು ಉದ್ದ ಮಾಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ.

ಆದಿತಾಳ ಕೈಗೆ ಕೂತ ಮೇಲೆ ಮಿಶ್ರ ಛಾಪು ಹಾಕಿ ನೋಡಿ: ತಕಿಟ ತಕದಿಮಿ, 3 ಮತ್ತು 4 ಸೇರಿ 7. ಎಂಟಕ್ಕೆ ಒಗ್ಗಿದ ಕೈಗೆ ಒಂದು ಹೆಜ್ಜೆ ಕಡಿಮೆ ಬಿದ್ದ ಹಾಗಾಗುತ್ತದೆ. ಯಾರೋ ಹಿಂದೆ ಬರುತ್ತಿದ್ದಾರೆ ಅನ್ನುವ ದೃಶ್ಯ ಬರೆಯುವ ಮೊದಲು ನಾನು ಹತ್ತು ನಿಮಿಷ ಈ ಏಳರ ನಡಿಗೆಯಲ್ಲಿ ಮನೆಯೊಳಗೆ ಓಡಾಡುತ್ತೇನೆ.

ನಾಲ್ಕನೇ ಹೆಜ್ಜೆ: ಆಲಾಪನೆ ಕೇಳಿ, ಮುಚ್ಚಿಡುವುದನ್ನು ಬಿಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕಲ್ಯಾಣಿ ರಾಗದ ಒಂದು ಒಳ್ಳೇ ಆಲಾಪನೆ ಹುಡುಕಿ, ಕಣ್ಣು ಮುಚ್ಚಿ ಕೂತು ಕೇಳಿ. ಹಾಡುವವರು ಮೆಲ್ಲಗೆ ಮೇಲೆ ಹೋಗುತ್ತಾರೆ. ನಿಷಾದದ (ನಿ) ಹತ್ತಿರ ಬಂದು ನಿಲ್ಲುತ್ತಾರೆ. ಇನ್ನೇನು ಮೇಲಿನ ಷಡ್ಜ (ಸ) ಮುಟ್ಟುತ್ತಾರೆ ಅನ್ನುವಾಗ ಕೆಳಗೆ ಇಳಿಯುತ್ತಾರೆ. ಮತ್ತೆ ಬರುತ್ತಾರೆ, ನಿಷಾದದಲ್ಲೇ ಸುತ್ತುತ್ತಾರೆ. ಕೊನೆಗೆ ಷಡ್ಜ ಮುಟ್ಟಿದಾಗ ಸಭೆಯಲ್ಲಿ ಕೂತವರೆಲ್ಲ "ಆಹಾ" ಅನ್ನುತ್ತಾರೆ.

ಅಲ್ಲಿ ಗುಟ್ಟೇನೂ ಇರಲಿಲ್ಲ ಅಲ್ವಾ? ಷಡ್ಜಕ್ಕೆ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಕಾದರು. ಗೊತ್ತಿದ್ದರಿಂದಲೇ ಕಾದರು.

ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಇದನ್ನೇ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ಹೇಳುತ್ತಿದ್ದರು. ಇಬ್ಬರು ಮಾತಾಡುತ್ತಿರುವಾಗ ದಿಢೀರನೆ ಬಾಂಬು ಸಿಡಿದರೆ ನೋಡುವವರಿಗೆ ಹದಿನೈದು ಸೆಕೆಂಡಿನ ಆಘಾತ. ಮೇಜಿನ ಕೆಳಗೆ ಬಾಂಬು ಇದೆ, ಇಂಥ ಹೊತ್ತಿಗೆ ಸಿಡಿಯುತ್ತದೆ ಅಂತ ಮೊದಲೇ ತೋರಿಸಿಬಿಟ್ಟರೆ ಅದೇ ಮಾತುಕತೆ ಹದಿನೈದು ನಿಮಿಷದ ಸಸ್ಪೆನ್ಸ್.

ನಾನು ಬಹಳ ವರ್ಷ ಕೊಲೆಗಾರ ಯಾರು ಅನ್ನುವುದನ್ನು ಮುಚ್ಚಿಡುವುದೇ ಸಸ್ಪೆನ್ಸ್ ಅಂದುಕೊಂಡಿದ್ದೆ. ಆ ಕಾದಂಬರಿಗಳನ್ನು ಓದಿದವರು ಕೊನೇ ಪುಟ ಮೊದಲು ಓದಿಬಿಟ್ಟರೆ ಮುಗಿಯಿತು, ಮತ್ತೆ ಕೈಗೆತ್ತಿಕೊಳ್ಳಲು ಏನೂ ಇರುತ್ತಿರಲಿಲ್ಲ. ಆಲಾಪನೆಯನ್ನು ನೂರು ಸಲ ಕೇಳಬಹುದು. ಅದಕ್ಕೇ ಈಗ ಹೀಗೆ ಮಾಡುತ್ತೇನೆ: ಅಧ್ಯಾಯ ಬರೆಯುವ ಮೊದಲು ಒಂದು ಚೀಟಿಯಲ್ಲಿ ಅದರ ಷಡ್ಜ ಬರೆದಿಡುತ್ತೇನೆ. "ಅವಳು ಬೀರು ತೆಗೆಯುತ್ತಾಳೆ." ಓದುವವರಿಗೂ ಇದು ಮೊದಲ ಪುಟದಲ್ಲೇ ಗೊತ್ತಾಗಲಿ. ಆಮೇಲೆ ಬೀರುವಿನ ತನಕ ಕನಿಷ್ಠ ಮೂರು ಸಲ ಬಂದು ಮೂರು ಸಲ ವಾಪಸ್ ಹೋಗಬೇಕು. ಹೋಗುವುದಕ್ಕೆ ಕಾರಣ ಸಹಜವಾಗಿರಬೇಕು: ಹಾಲು ಉಕ್ಕಿತು, ಮಾವ ಕಾಫಿ ಕೇಳಿದರು, ಬೀಗದ ಕೈ ಗೊಂಚಲಿನಲ್ಲಿ ಬೇರೆ ಕೀ ಸಿಕ್ಕಿತು. ಸುಮ್ನೆ ಎಳೆದರೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ಆಲಾಪನೆಯಲ್ಲೂ ಒಂದೊಂದು ಸಲ ಇಳಿದಾಗಲೂ ರಾಗದ ಹೊಸದೊಂದು ಮುಖ ಕಾಣಿಸುತ್ತದೆ. ಹಾಗೇ ಒಂದೊಂದು ಅಡ್ಡಿಯೂ ಆ ಮನೆಯ ಬಗ್ಗೆ ಹೊಸದೇನಾದರೂ ಹೇಳಬೇಕು.

ಐದನೇ ಹೆಜ್ಜೆ: ಮೂರು ಸಲದ ಲೆಕ್ಕ

ಕಛೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಕೊನೆಗೆ ಮೃದಂಗದವರು ಕೋರ್ವೆ ನುಡಿಸುತ್ತಾರೆ. ಒಂದೇ ಜತಿ (ಏಟುಗಳ ಜೋಡಣೆ) ಮೂರು ಸಲ ಬಂದು, ಮೂರನೇ ಸಲದ ಕೊನೆ ಏಟು ಸರಿಯಾಗಿ ಹಾಡಿನ ಎಡುಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ, ಬೀಳುತ್ತದೆ. ಮೊದಲ ಸಲ ನಾವು ಕೇಳುತ್ತೇವೆ. ಎರಡನೇ ಸಲ ಗುರುತು ಹಿಡಿಯುತ್ತೇವೆ. ಮೂರನೇ ಸಲ ಉಸಿರು ಹಿಡಿದು ಕಾಯುತ್ತೇವೆ.

ಸುಳಿವು ಬಿತ್ತುವುದಕ್ಕೆ ಇದಕ್ಕಿಂತ ಒಳ್ಳೇ ಲೆಕ್ಕ ನನಗೆ ಸಿಕ್ಕಿಲ್ಲ. ಮೊದಲ ಸಲ ಹಾಲಿನವನ ಸೈಕಲ್ ಬೆಲ್ಲು ಬೆಳಗಿನ ಗದ್ದಲದಲ್ಲಿ ಬಂದು ಹೋಗಲಿ. ಎರಡನೇ ಸಲ ಹಾಲಿನವನಿಗೆ ಹುಷಾರಿಲ್ಲ, ಎರಡು ದಿನದಿಂದ ಬಂದಿಲ್ಲ ಅನ್ನುವ ಮಾತಿನ ಮಧ್ಯೆ ಬೆಲ್ಲು ನೆನಪಾಗಲಿ. ಮೂರನೇ ಸಲ ರಾತ್ರಿ ಎರಡು ಗಂಟೆಗೆ ಬೆಲ್ಲು ಕೇಳಲಿ. ನಾಲ್ಕನೇ ಸಲ ಬೇಡ.

ತಾಳದ ಸಮಕ್ಕೆ ಸರಿಯಾಗಿ ಶುರುವಾಗದೆ ಸ್ವಲ್ಪ ತಡೆದು ಶುರುವಾಗುವ ಹಾಡುಗಳಿವೆ. ಅನಾಗತ ಎಡುಪು ಅನ್ನುತ್ತಾರೆ. ಅನಾಗತ ಅಂದರೆ ಇನ್ನೂ ಬಾರದ್ದು. ಓದುವವರು ಕಾಯುತ್ತಿದ್ದ ಜಾಗದಲ್ಲಿ ಏನೂ ಆಗಬಾರದು. ಅರ್ಧ ಪುಟ ಹೋಗಲಿ, ಅವರು ಉಸಿರು ಬಿಡಲಿ, ಆಮೇಲೆ ಆಗಲಿ. ಒಂದು ಕಾದಂಬರಿಯಲ್ಲಿ ಇದನ್ನು ಒಂದು ಸಲ ಮಾತ್ರ ಮಾಡಿ.

ತನಿ ಆವರ್ತನ ಎದುರು ಕೂತು ಕೇಳದವರು ಗುರುಪೂರ್ಣಿಮೆಯ ಹೊತ್ತಿಗೆ ಕೈವಾರಕ್ಕೆ ಹೋಗಿ. ಅಲ್ಲಿನ ಸಂತಕವಿ ತಾತಯ್ಯನವರ ಸನ್ನಿಧಿಯಲ್ಲಿ ಹಗಲು ರಾತ್ರಿ ಸಂಗೀತ ನಡೆಯುತ್ತದೆ. ನಡುರಾತ್ರಿ ದಾಟಿದ ಮೇಲೆ ನಿದ್ದೆಗಣ್ಣಿನಲ್ಲಿ ಕೇಳುವಾಗ ಲೆಕ್ಕ ತಲೆಗಿಂತ ಮೊದಲು ಮೈಗೆ ತಿಳಿಯುತ್ತದೆ.

ಆರನೇ ಹೆಜ್ಜೆ: ಸ ಮತ್ತು ರಿ

ಸರಳೆ ವರಸೆ ಕಲಿತವರೆಲ್ಲ ಮಾಯಾಮಾಳವಗೌಳ ರಾಗದಲ್ಲಿ ಹಾಡಿದವರೇ. 15ನೇ ಮೇಳಕರ್ತ (ಮೂಲ ರಾಗ). ಅದರಲ್ಲಿ ಸ ಬಿಟ್ಟು ಮುಂದಿನದು ಶುದ್ಧ ರಿಷಭ, ಸ-ಗೆ ತೀರಾ ಅಂಟಿಕೊಂಡ ಸ್ವರ. ಹಾರ್ಮೋನಿಯಂನಲ್ಲಿ ಪಕ್ಕದ ಮನೆ. ಮೆಲ್ಲಗೆ ಸ-ರಿ, ಸ-ರಿ, ಸ-ರಿ ಅಂತ ಬರೀ ಎರಡೇ ನುಡಿಸಿ, ಆಮೇಲೆ ಬೇಗ ಬೇಗ ನುಡಿಸಿ. 1975ರ 'ಜಾಸ್' ಸಿನಿಮಾದಲ್ಲಿ ಶಾರ್ಕ್ ಮೀನು ಬರುವಾಗ ಜಾನ್ ವಿಲಿಯಮ್ಸ್ ಬಳಸಿದ್ದು ಇಷ್ಟೇ ಅಂತರದ ಎರಡು ಸ್ವರ. ಜಗತ್ತನ್ನು ಹೆದರಿಸಿದ ಆ ಅಂತರ ನಮ್ಮ ಮಕ್ಕಳು ಸಂಗೀತದ ಮೊದಲ ದಿನ ಹಾಡುವ ಪಾಠದಲ್ಲೇ ಇದೆ.

ಹೊಸಬರು ಹೆದರಿಸಲು ದೊಡ್ಡ ಜಿಗಿತ ಮಾಡುತ್ತಾರೆ. ರಕ್ತ, ಕಿರುಚಾಟ, ಮುಖವಾಡ. ಚಿಕ್ಕ ಅಂತರ ಪ್ರಯತ್ನಿಸಿ. ಅಜ್ಜನ ಚಪ್ಪಲಿ ದಿನಾ ಹೊಸಿಲಿನ ಹೊರಗೆ, ಬೀದಿ ಕಡೆ ಮುಖ ಮಾಡಿ ಇರುತ್ತದೆ. ಇವತ್ತು ಮನೆ ಕಡೆ ಮುಖ ಮಾಡಿದೆ. ಬೇರೆಲ್ಲ ಹಾಗೇ ಇದೆ. ಅಜ್ಜ ಹೋಗಿ ಒಂದು ತಿಂಗಳಾಗಿದೆ.

ಏಳನೇ ಹೆಜ್ಜೆ: ನಿಮ್ಮ ಊರಿನ ಸದ್ದು ಬರೆದಿಟ್ಟುಕೊಳ್ಳಿ

ನಮ್ಮ ಕಡೆ ತಮಟೆ ನುಡಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿಯಾಗಬೇಕು. ಕಾಯಿಸುವುದು, ಬೆರಳಲ್ಲಿ ತಟ್ಟಿ ನೋಡುವುದು, ಮತ್ತೆ ಕಾಯಿಸುವುದು. ಆ ಐದು ನಿಮಿಷ ಹುಡುಗರೆಲ್ಲ ಸುತ್ತ ನಿಂತಿರುತ್ತಾರೆ. ಒಂದು ಏಟೂ ಬಿದ್ದಿಲ್ಲ, ಆದರೂ ಕುಣಿತ ಕಾಲಿಗೆ ಬಂದಿರುತ್ತದೆ. ಜಾತ್ರೆಯ ವರಸೆ ಬೇರೆ, ಸಾವಿನ ವರಸೆ ಬೇರೆ. ದೂರದ ಹೊಲದಲ್ಲಿ ಕಳೆ ಕೀಳುತ್ತಿದ್ದವರು ತಮಟೆ ಕೇಳಿದ ಕೂಡಲೇ ತಲೆ ಎತ್ತಿ, "ಯಾರು ಹೋದರಪ್ಪಾ?" ಅನ್ನುತ್ತಾರೆ. ಒಂದು ಪದವೂ ಇಲ್ಲದೆ ಸುದ್ದಿ ಮುಟ್ಟಿರುತ್ತದೆ. ದಲಿತ ಕಲಾವಿದರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಾದ್ಯ ಇದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಒಂದು ರಾತ್ರಿ ಹತ್ತರ ಮೇಲೆ ಮನೆ ಜಗಲಿಯಲ್ಲಿ ಹತ್ತು ನಿಮಿಷ ಕೂತು ಕಿವಿಗೆ ಬಿದ್ದದ್ದನ್ನೆಲ್ಲ ಬರೆಯಿರಿ. ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿಕೊಳ್ಳಿ. ಈಗ ಇಲ್ಲದ ಸದ್ದನ್ನು ಹಿರಿಯರಲ್ಲಿ ಕೇಳಿ ಬರೆದುಕೊಳ್ಳಿ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನಿನ ಲೆಕ್ಕದಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳು ಅಲ್ಲಿದ್ದವು. ಆ ಸೈರನ್ ಇವತ್ತು ರಾತ್ರಿ ಕೂಗಿದರೆ?

ಯಾವ ರಾಗಕ್ಕೆ ಯಾವ ಭಾವ ಅಂತ ಮೊಬೈಲಿನಲ್ಲಿ ಪಟ್ಟಿಗಳು ಹರಿದಾಡುತ್ತವೆ. ಅದನ್ನು ಇಟ್ಟುಕೊಂಡು ದೃಶ್ಯ ಬರೆಯಬೇಡಿ, ಸತ್ತುಹೋಗುತ್ತದೆ. ಜನರ ನಂಬಿಕೆಗಳನ್ನು ಮಾತ್ರ ಬಿಡಬೇಡಿ. ರಾತ್ರಿ ಪುನ್ನಾಗವರಾಳಿ ಹಾಡಿದರೆ ಹಾವು ಬರುತ್ತದೆ ಅನ್ನುತ್ತಾರೆ. ಹಾವಿಗೆ ಹೊರಕಿವಿ ಇಲ್ಲ ಅನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಅದನ್ನು ನಂಬುವ ಅಜ್ಜಿಯೊಬ್ಬಳು ನಡುರಾತ್ರಿ ಪಕ್ಕದ ಮನೆಯಿಂದ ಆ ರಾಗ ಕೇಳಿಸಿಕೊಂಡರೆ ಒಂದು ಅಧ್ಯಾಯ ಆಯಿತಲ್ಲ.

ಎಂಟನೇ ಹೆಜ್ಜೆ: ಎಲ್ಲಿ ನಿಲ್ಲಿಸಬೇಕು

'ಸೈಕೋ' ಸಿನಿಮಾದ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಹೇಳಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆದರೂ ಬರೀ ತಂತಿವಾದ್ಯಗಳಲ್ಲಿ ಒಂದು ತುಣುಕು ಮಾಡಿ ಕೇಳಿಸಿದರು. ಹಿಚ್‌ಕಾಕ್ ಮನಸ್ಸು ಬದಲಿಸಿದರು. ಅದು 1960. ಮೂರೇ ವರ್ಷಕ್ಕೆ ಅದೇ ಇಬ್ಬರು 'ದ ಬರ್ಡ್ಸ್' ಸಿನಿಮಾಗೆ ಹಿನ್ನೆಲೆ ಸಂಗೀತವನ್ನೇ ಇಡಲಿಲ್ಲ. ಹಕ್ಕಿಗಳ ಸದ್ದನ್ನು ಯಂತ್ರದಲ್ಲಿ ಹುಟ್ಟಿಸಿ, ನಡುನಡುವೆ ಮೌನ ಬಿಟ್ಟರು. ಎರಡೂ ಗೆದ್ದವು. ಕಿವಿಯಲ್ಲಿ ಕೇಳಿ ನೋಡದೆ ತೀರ್ಮಾನ ಮಾಡಬಾರದು ಅಂತ ನಾನು ಇದರಿಂದ ತಿಳಿದುಕೊಂಡೆ. ಮುಖ್ಯ ದೃಶ್ಯವನ್ನು ಎರಡು ರೀತಿ ಬರೆಯಿರಿ: ಸದ್ದು ತುಂಬಿದ್ದು ಒಂದು, ಒಂದೂ ಸದ್ದಿಲ್ಲದ್ದು ಇನ್ನೊಂದು. ಎರಡನ್ನೂ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ, ಮಾರನೇ ದಿನ ನಡೆಯುತ್ತ ಕೇಳಿ. ಎಲ್ಲಿ ನಿಮ್ಮ ಕಾಲು ತಾನಾಗಿ ನಿಧಾನವಾಯಿತೋ ಅದನ್ನು ಇಟ್ಟುಕೊಳ್ಳಿ.

ಇಡೀ ಕಾದಂಬರಿಯ ಲೆಕ್ಕಕ್ಕೆ ಮಾತ್ರ ನಾನು ಹುಳುಮನೆಗೇ ವಾಪಸ್ ಹೋಗುತ್ತೇನೆ. ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ಪೊರೆ ಬಿಡುವಾಗ ಹೆಚ್ಚುಕಡಿಮೆ ಒಂದು ದಿನ ತಲೆ ಎತ್ತಿಕೊಂಡು, ತಿನ್ನದೆ, ಅಲುಗಾಡದೆ ಇರುತ್ತದೆ. ಒಂದೊಂದು ಜ್ವರ ಬಿಟ್ಟ ಮೇಲೂ ಹಸಿವು ಮೊದಲಿಗಿಂತ ಜಾಸ್ತಿ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ತಿನ್ನುವುದು ನಾಲ್ಕನೇ ಜ್ವರದ ನಂತರದ ಒಂದು ವಾರದಲ್ಲಿ. ನನ್ನ ಕಾದಂಬರಿಗೂ ನಾಲ್ಕು ನಿಲುಗಡೆ. ಆ ನಾಲ್ಕು ಅಧ್ಯಾಯಗಳಲ್ಲಿ ಯಾರೂ ಓಡುವುದಿಲ್ಲ, ಯಾರೂ ಸಾಯುವುದಿಲ್ಲ. ಯಾರಾದರೂ ಕೂತು ಬಟ್ಟೆ ಮಡಿಸುತ್ತಾರೆ, ಹುರುಳಿ ಆರಿಸುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಮಳೆ ಸುರಿಯಬೇಕು.

ಕೊನೆಗೆ ಹುಳು ಹಣ್ಣಾಗುತ್ತದೆ. ತಿನ್ನುವುದನ್ನು ಪೂರ್ತಿ ಬಿಡುತ್ತದೆ. ಅತ್ತೆ ಹಣ್ಣು ಹುಳು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಆಮೇಲೆ ಗೂಡು ಕಟ್ಟಿ ಮುಗಿಯುವ ತನಕ ಎರಡು ಮೂರು ದಿನ ಆ ಮನೆಯಲ್ಲಿ ಮಳೆಯಿಲ್ಲ. ನಾವು ಮಕ್ಕಳು ಅತ್ತ ಸುಳಿದರೆ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಕೊನೆಯ ಅಧ್ಯಾಯ ಬರೆಯಲು ಕೂರುವಾಗ ನಾನು ವೀಣೆಯನ್ನೂ ಆರಿಸುತ್ತೇನೆ, ಫ್ಯಾನನ್ನೂ ಆರಿಸುತ್ತೇನೆ.